ಪೇಪರ್ ಗಟ್ಟಿಯಾಗಿ ಓದುವವರು ನಿಮ್ಮೂರಲ್ಲಿ ಇದ್ದರಾ?

ಪಳ್ಳತ್ತಡ್ಕ ಮಾಷ್ಟ್ರು

ಕಳೆದ ತಿಂಗಳು ಇಲ್ಲಿ ಕಾಸರಗೋಡಿನಲ್ಲಿ ನಮ್ಮ ವಾರ್ಡಿನ ಗ್ರಾಮಸಭೆ ಇತ್ತು. ಸಭೆ ನಡೆಯಬೇಕಾದರೆ ವಾರ್ಡಿನ ಮತದಾರರಲ್ಲಿ ನೂರಕ್ಕೆ 10 ಮಂದಿಯಾದರೂ ಸೇರಬೇಕೆಂದು ಕೇರಳದ ಪಂಚಾಯತ್ ಕಾನೂನು. ನಾನು ಹೋಗುವಾಗ ಅಂಗನವಾಡಿಯ ಹಾಲ್‌ನಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರಿದ್ದರು, ಮನೆ ರಿಪೇರಿಗೆ ಅರ್ಜಿ ಕೊಟ್ಟವರಿದ್ದರು, ಮತ್ತೆ ನನ್ನ ಪ್ರಾಯದ ನಾಲ್ಕು ಜನ. ಊರಿನ ಕಾಲುಸಂಕದ, ಅಂದರೆ ನಡೆದು ದಾಟುವ ಸಣ್ಣ ಸೇತುವೆಯ ವಿಷಯ ಐದು ನಿಮಿಷದಲ್ಲಿ ಮುಗಿದುಹೋಯಿತು. ಎದ್ದು ಮಾತಾಡುವವರೇ ಇರಲಿಲ್ಲ. ಮನೆಗೆ ಬಂದು ಮೊಬೈಲು ತೆಗೆದರೆ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಅದೇ ಸಂಕದ ಬಗ್ಗೆ ಎಂಬತ್ತಕ್ಕೂ ಮಿಕ್ಕಿ ಮೆಸೇಜು. ಬರೆದವರಲ್ಲಿ ಒಬ್ಬನೂ ಸಭೆಗೆ ಬಂದವನಲ್ಲ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಸಣ್ಣವನಿದ್ದಾಗ ನಮ್ಮಲ್ಲಿಗೆ ಮಂಗಳೂರಿನ 'ನವಭಾರತ' ಬರುತ್ತಿದ್ದದ್ದು ಒಂದೇ ಪ್ರತಿ. ಬಸ್ಸಿನ ಕಂಡಕ್ಟರು ಹೋಟ್ಲಿನ ಎದುರು ಎಸೆದು ಹೋಗುತ್ತಿದ್ದ. ಹೋಟ್ಲಿನ ಯಜಮಾನರ ತಮ್ಮ ಮೊದಲ ಪುಟದಿಂದ ಹಿಡಿದು ಅಡಿಕೆ ಧಾರಣೆಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಅಡಿಕೆ ಕೊಯ್ಯುವವರೊಬ್ಬರಿಗೆ ಅಕ್ಷರ ಗೊತ್ತಿರಲಿಲ್ಲ, ಕಳೆದ ವಾರ ಓದಿದ್ದು ಮಾತ್ರ ಬಾಯಿಪಾಠ. "ಮೊನ್ನೆ ಮಂತ್ರಿ ಬೇರೆಯೇ ಹೇಳಿದ್ದರಲ್ಲ, ಅದನ್ನೊಮ್ಮೆ ತೆಗೆಯಿರಿ" ಎಂದರೆ ಓದುವವರು ಹಳೆ ಪೇಪರಿನ ಕಟ್ಟು ಬಿಚ್ಚಲೇಬೇಕು. 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಬೇಕೆಂದು ವರದಿ ಕೊಟ್ಟ ಸುದ್ದಿಯನ್ನು ನಾನು ಕೇಳಿದ್ದು ಅಪ್ಪನ ತೊಡೆಯ ಮೇಲೆ ಕೂತು, ಆ ಬೆಂಚಿನಲ್ಲಿ. ಓದಿ ಮುಗಿದ ಮೇಲೆ ಯಾರೂ ಎದ್ದು ಹೋಗಲಿಲ್ಲ. ಒಬ್ಬರು ಅಳುತ್ತಿದ್ದರು. ಒಬ್ಬರು "ವರದಿ ಬಂದರಾಯಿತಾ, ಡೆಲ್ಲಿಯವರು ಒಪ್ಪಬೇಡವಾ" ಎಂದು ಕೇಳಿದ್ದರು. ಅವರ ಆ ಪ್ರಶ್ನೆ ಇವತ್ತಿಗೂ ಹಾಗೇ ಉಂಟು.

ಪೇಪರು, ರೇಡಿಯೋ, ಟಿವಿ, ಈಗ ಮೊಬೈಲು. ಒಂದೊಂದೂ ಬಂದಾಗ ನಿಮ್ಮ ಊರಿನ ನಾಲ್ಕು ಜನ ಸೇರುವ ಜಾಗ ಹೇಗೆ ಬದಲಾಯಿತು? ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ.

ನೀಲೇಶ್ವರದ ಕಡೆಯವ

ಮಾಷ್ಟ್ರೇ, ನಿಮ್ಮಲ್ಲಿ ಅದು ಹೋಟ್ಲಿನ ಅಭ್ಯಾಸ. ನಮ್ಮ ಕಡೆ ಅದೊಂದು ಕೆಲಸವೇ ಆಗಿತ್ತು.

ನನ್ನ ದೊಡ್ಡಪ್ಪ ದಿನೇಶ್ ಬೀಡಿಯ ಸಂಘದಲ್ಲಿ ಬೀಡಿ ಕಟ್ಟುತ್ತಿದ್ದರು. ಬೀಡಿ ಕೆಲಸಗಾರರ ಕಾನೂನನ್ನು ಕೇರಳ ಜಾರಿಗೆ ತಂದಾಗ, ಕೆಲಸಗಾರರಿಗೆ ಅದು ಹೇಳಿದಷ್ಟು ಕೊಟ್ಟು ಪೂರೈಸುವುದಿಲ್ಲವೆಂದು 1968ರಲ್ಲಿ ದೊಡ್ಡ ಮಾಲಕರು ಕಣ್ಣೂರು ಕಡೆಯ ಕೆಲಸ ನಿಲ್ಲಿಸಿಬಿಟ್ಟರು. ಸಾವಿರಾರು ಜನರ ಕೈ ಖಾಲಿ. ಅವರೇ ಸೇರಿ 1969ರಲ್ಲಿ ಕಟ್ಟಿದ ಸಹಕಾರಿ ಅದು. ಉದ್ದ ಹಾಲ್‌ನಲ್ಲಿ ಸಾಲಾಗಿ ಕೂತು ಕಟ್ಟುವುದು. ಕೈಗೆ ಕೆಲಸ, ಕಿವಿಗೆ ಬಿಡುವು. ಹಾಗಾಗಿ ತಮ್ಮಲ್ಲೇ ಒಬ್ಬನನ್ನು ಓದಲು ಕೂರಿಸುತ್ತಿದ್ದರು. ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡುವುದು. ಬೆಳಿಗ್ಗೆ ಪೇಪರು, ಮಧ್ಯಾಹ್ನದ ಮೇಲೆ ಕತೆ ಕಾದಂಬರಿ. ಸಣ್ಣವನಿದ್ದಾಗ ಬುತ್ತಿ ಕೊಡಲು ಹೋದವನು ಹೊಗೆಸೊಪ್ಪಿನ ಘಾಟಿಗೆ ಸೀನುತ್ತಾ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಓದುವವ ಒಂದು ಸಾಲು ಹಾರಿಸಿದರೆ ಹಿಂದಿನ ಸಾಲಿನಿಂದ ಕೂಗು ಬರುತ್ತಿತ್ತು. ತಮ್ಮ ಪಾರ್ಟಿಗೆ ಆಗದ ಸುದ್ದಿಯನ್ನೂ ಓದಿಸುತ್ತಿದ್ದರು, ಓದಿದ ಮೇಲೆ ಜಗಳ. ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಕ್ಯೂಬಾ ದೇಶದ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದಲೇ ಹೀಗೆ ಓದುವವರಿದ್ದರು. ಅಲ್ಲಿಂದ ಅಮೆರಿಕದ ಟ್ಯಾಂಪಾ ಊರಿಗೆ ಹೋದ ಕೆಲಸಗಾರರು ಪದ್ಧತಿಯನ್ನು ಜೊತೆಗೇ ಕೊಂಡುಹೋದರು. 1931ರಲ್ಲಿ ಆ ಊರಿನ ಮಾಲಕರು ಓದುವವರನ್ನು ತೆಗೆದುಹಾಕಿದರು, ಆ ಜಾಗಕ್ಕೆ ರೇಡಿಯೋ ಬಂತು. ರೇಡಿಯೋಕ್ಕೆ "ಅದನ್ನು ಇನ್ನೊಮ್ಮೆ ಓದು" ಅನ್ನಲಿಕ್ಕೆ ಆಗುತ್ತದಾ? ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿ ಉಂಟು.

ಸೀತಾಂಗೋಳಿ ಅಕ್ಕ

ಇಬ್ಬರೂ ಬರೆದದ್ದು ಗಂಡಸರ ಕತೆ. ಕೋಪದಿಂದ ಹೇಳುತ್ತಿಲ್ಲ, ಆದರೆ ಹೇಳದೆ ಬಿಡಲಾರೆ.

ಮಾಷ್ಟ್ರೇ, ನಿಮ್ಮ ಆ ಬೆಂಚಿನಂಥ ಬೆಂಚು ನಮ್ಮೂರಲ್ಲೂ ಇತ್ತು. ನನ್ನ ಅಜ್ಜನಿಗೆ ಚಾ ಕೊಡುತ್ತಿದ್ದದ್ದು ಹೋಟ್ಲಿನ ಹಿಂಬದಿಯಲ್ಲಿ, ಗೆರಟೆಯಲ್ಲಿ. ಒಳಗೆ ಪೇಪರು ಓದುವುದು ಅವರ ಕಿವಿಗೂ ಬೀಳುತ್ತಿತ್ತಂತೆ. ಕೇಳಿಸಿಕೊಳ್ಳಬಹುದಿತ್ತು, ಪ್ರಶ್ನೆ ಹಾಕುವ ಹಾಗಿರಲಿಲ್ಲ. ನನ್ನ ಅಜ್ಜಿಯಂತೂ ಆ ಹೋಟ್ಲಿನ ಒಳಗು ಹೇಗಿದೆ ಎಂದೇ ನೋಡಿದವರಲ್ಲ.

ಅಮ್ಮನೂ ಬೀಡಿ ಕಟ್ಟಿದವರೇ. ನೀಲೇಶ್ವರದ ಅಣ್ಣ ಹೇಳಿದಂಥ ಉದ್ದ ಹಾಲ್ ನಮ್ಮ ಕಡೆಯ ಹೆಂಗಸರಿಗೆ ಇರಲಿಲ್ಲ. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು ಮನೆಯಲ್ಲಿ ಕಟ್ಟಿ ವಾಪಸ್ ಕೊಂಡುಹೋಗುವುದು. ಓದಿ ಹೇಳುವವರು ಯಾರು? ಮುಂಬಯಿಯ ಹೋಟ್ಲಿನಲ್ಲಿದ್ದ ಮಾವ ಒಂದು ಟ್ರಾನ್ಸಿಸ್ಟರ್ ತಂದುಕೊಟ್ಟ ಮೇಲೆ ನಮ್ಮ ಜಗಲಿಗೆ ಓದುವವರು ಬಂದ ಹಾಗಾಯಿತು. ತೂತು ತೂತಿನ ಚರ್ಮದ ಚೀಲ ಅದಕ್ಕೆ. ಬೀಡಿ ಕಟ್ಟುವ ತಡ್ಪೆಯ (ಮೊರದ) ಪಕ್ಕದಲ್ಲೇ ಅದರ ಜಾಗ. ಬ್ಯಾಟ್ರಿ ಇಳಿದರೆ ಅಂಗಳದಲ್ಲಿ ಬಿಸಿಲಿಗಿಟ್ಟು ಮತ್ತೆರಡು ದಿವಸ ಓಡಿಸುತ್ತಿದ್ದೆವು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತಲ್ಲ, ಆಮೇಲೆ ರೇಡಿಯೋದಲ್ಲಿ ತುಳು ಬಂತು, ತಾಳಮದ್ದಳೆ ಬಂತು, ನಮ್ಮ ಮನೆಯಲ್ಲಿ ಆಡುವ ಹಾಗೆಯೇ ಆಡುವವರ ಸ್ವರ ಬಂತು. ಅಲ್ಲಿಯವರೆಗೆ ರೇಡಿಯೋ ಅಂದರೆ ದೂರದವರು ಮಾತಾಡುವ ಪೆಟ್ಟಿಗೆ.

ಒಂದು ದಿನ ವಾರ್ತೆಯಲ್ಲಿ ಸಾವಿರ ಬೀಡಿಗೆ ಇಷ್ಟು ಮಜೂರಿ ಎಂದು ಸರಕಾರ ಏರಿಸಿದ್ದನ್ನು ಓದಿದರು. ಅಮ್ಮ ಕತ್ತರಿ ಕೆಳಗಿಟ್ಟು ಪಕ್ಕದ ಮನೆಯವಳನ್ನು ಕರೆದರು. "ನೀನೂ ಕೇಳಿದೆಯಾ?" "ಕೇಳಿದೆ ಅಕ್ಕ." ಮರುದಿನ ಬೀಡಿ ಕೊಡಲು ಹೋದ ಏಳು ಹೆಂಗಸರು ಬ್ರಾಂಚಿನಲ್ಲಿ ಒಟ್ಟಿಗೆ ಬಾಯಿ ತೆರೆದರು. ಹೊಸ ರೇಟು ಬರಲಿಕ್ಕೆ ಆರು ತಿಂಗಳು ಹಿಡಿಯಿತು, ಅದು ಬೇರೆ ಮಾತು. ಯಾರೋ ಒಬ್ಬಳು ಗಾಳಿಸುದ್ದಿ ಹೇಳಿದ್ದಾಗಿದ್ದರೆ ಗದರಿಸಿ ಕಳಿಸುತ್ತಿದ್ದರು. ಏಳು ಮನೆಯಲ್ಲಿ ಒಂದೇ ಹೊತ್ತಿಗೆ ಕೇಳಿದ ಮಾತನ್ನು ಇಲ್ಲ ಎನ್ನಲು ಅವರಿಂದ ಆಗಲಿಲ್ಲ.

ಹಾಗಾಗಿ ಹಳೆ ಬೆಂಚು ಹೋಯಿತೆಂದು ನನಗೆ ಅಷ್ಟು ದುಃಖವಿಲ್ಲ ಮಾಷ್ಟ್ರೇ.

ಪಳ್ಳತ್ತಡ್ಕ ಮಾಷ್ಟ್ರು

ಅಕ್ಕ, ಒಪ್ಪಿದೆ. ಆ ಬೆಂಚಿನ ಹಿಂಬದಿ ನನಗೆ ಗೊತ್ತಿತ್ತು, ಬರೆಯುವಾಗ ನೆನಪಿಗೆ ಬರಲಿಲ್ಲ. ನೆನಪಿಗೆ ಬರಬೇಕಿತ್ತು.

ರಾತ್ರಿ ಪಾಳಿ

ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಹನ್ನೆರಡು ವರ್ಷ ಇದ್ದವನು ನಾನು, ಊರು ಮಂಜೇಶ್ವರದ ಹತ್ತಿರ. ಒಳಗಿನ ಒಂದು ವಿಷಯ ಹೇಳುತ್ತೇನೆ, ಸಿಟ್ಟು ಮಾಡಬೇಡಿ.

ಪೇಪರಿನ ಬೆಲೆ ಪೇಪರಿನ ಖರ್ಚಿಗೆ ಸಾಲುವುದಿಲ್ಲ. ಇದು ಇಂದು ನಿನ್ನೆಯದಲ್ಲ. 1833ರಲ್ಲಿ ನ್ಯೂಯಾರ್ಕಿನಲ್ಲಿ ಬೆಂಜಮಿನ್ ಡೇ ಎಂಬ ಮುದ್ರಕ 'ಸನ್' ಪತ್ರಿಕೆಯನ್ನು ಒಂದು ಸೆಂಟಿಗೆ ಮಾರಲು ಹೊರಟ. ಆಗ ಉಳಿದ ಪತ್ರಿಕೆಗಳಿಗೆ ಆರು ಸೆಂಟು, ಓದುವವರು ವ್ಯಾಪಾರಿಗಳು ಮತ್ತು ರಾಜಕಾರಣಿಗಳು. ಒಂದು ಸೆಂಟಿಗೆ ಕೂಲಿಯವನೂ ಪೇಪರು ಕೊಂಡ. ಬಾಕಿ ಖರ್ಚು ಜಾಹೀರಾತಿನಿಂದ ಹುಟ್ಟಬೇಕಾಯಿತು. ಜನಸಾಮಾನ್ಯರ ಕೈಗೆ ಪೇಪರು ಬಂದದ್ದೂ ಆ ದಾರಿಯಿಂದ, ಯಾವ ಊರಿನಲ್ಲಿ ಎಷ್ಟು ಅಂಗಡಿ ಜಾಹೀರಾತು ಕೊಡುತ್ತದೆ ಎಂಬುದರ ಮೇಲೆ ಸುದ್ದಿಗೆ ಜಾಗ ಸಿಗುವುದೂ ಆ ದಾರಿಯಿಂದಲೇ.

ಈಗ ನಮ್ಮ ಕಾಸರಗೋಡನ್ನು ನೋಡಿ. ಮಂಗಳೂರು ಆವೃತ್ತಿಯಲ್ಲಿ ನಮಗೊಂದು ಪುಟ. ಬೆಂಗಳೂರಿನ ರಸ್ತೆ ಗುಂಡಿಯ ಸುದ್ದಿ ಪೆರ್ಲಕ್ಕೆ ಬರುತ್ತದೆ, ಪೆರ್ಲದ ಶಾಲೆಗೆ ಕನ್ನಡ ಗೊತ್ತಿಲ್ಲದ ಅಧ್ಯಾಪಕರನ್ನು ಹಾಕಿದ ಸುದ್ದಿ ಬೆಂಗಳೂರಿಗೆ ಹೋಗುವುದಿಲ್ಲ. ತಿರುವನಂತಪುರದಲ್ಲಿ ನಮ್ಮ ಬಗ್ಗೆ ತೀರ್ಮಾನ ಮಾಡುವವರು ಕನ್ನಡ ಪುಟ ಓದುವವರಲ್ಲ. ಮಲಯಾಳ ಪತ್ರಿಕೆಯಲ್ಲಿ ಬಂದರೆ ಮಂಜೇಶ್ವರ 'ಮಂಜೇಶ್ವರಂ' ಆಗಿ, ಬೇಡಡ್ಕ 'ಬೇಡಗಂ' ಆಗಿ ಬರುತ್ತದೆ. ರಾತ್ರಿ ಹತ್ತು ಗಂಟೆಗೆ ಆ ಒಂದು ಪುಟವನ್ನು ಬಿಡುವಾಗ ಎಷ್ಟೋ ಸಲ ನನಗೆ ಅನಿಸಿದ್ದುಂಟು: ಇದನ್ನು ಓದುವವರೆಲ್ಲ ಈ ಕಷ್ಟ ಅನುಭವಿಸುತ್ತಿರುವವರೇ. ಕಷ್ಟ ತೀರಿಸಬೇಕಾದ ಒಬ್ಬರ ಮೇಜಿಗೂ ಇದು ಹೋಗುವುದಿಲ್ಲ.

ಇನ್ನೊಂದು. ಓದಿ ಹೇಳುವವರು ಇಲ್ಲದಿದ್ದರೆ ಪೇಪರಿಗೆ ನೀವು ತಿಳಿದಷ್ಟು ಶಕ್ತಿ ಇಲ್ಲ. 1940ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೋ ರಾಜ್ಯದ ಈರಿ ಕೌಂಟಿಯಲ್ಲಿ ತಿಂಗಳುಗಟ್ಟಲೆ ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸಿದರು. ಪೇಪರು, ರೇಡಿಯೋ ಜನರ ಮನಸ್ಸನ್ನು ನೇರವಾಗಿ ತಿರುಗಿಸುತ್ತದೆಂದು ಎಲ್ಲರೂ ನಂಬಿದ್ದ ಕಾಲ. ಅಲ್ಲಿ ಕಂಡದ್ದು ಬೇರೆ. ಮನಸ್ಸು ತಿರುಗಿಸಿದ್ದು ಹೆಚ್ಚಾಗಿ ಗುರ್ತದವರ ಮಾತು. ಪೇಪರು ಚೆನ್ನಾಗಿ ಓದುವ ಒಬ್ಬ ಇರುತ್ತಾನೆ, ಅವನು ಮಿಕ್ಕವರಿಗೆ ಹೇಳುತ್ತಾನೆ. ಮಾಷ್ಟ್ರ ಹೋಟ್ಲಿನ ಯಜಮಾನರ ತಮ್ಮ, ದಿನೇಶ್ ಬೀಡಿಯ ಓದುಗ, ಅಕ್ಕನ ಅಮ್ಮ, ಮೂವರೂ ಅದೇ ಕೆಲಸ ಮಾಡಿದವರು.

ಎಣ್ಮಕಜೆಯಿಂದ

ರಾತ್ರಿ ಪಾಳಿಯವರು ಹೇಳಿದ 'ಯಾರ ಮೇಜಿಗೂ ಹೋಗುವುದಿಲ್ಲ' ಎಂಬ ಮಾತಿಗೆ ನಮ್ಮೂರಿಗಿಂತ ದೊಡ್ಡ ಸಾಕ್ಷಿ ಬೇಕಾ?

ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಮ್ಮ ತಲೆಯ ಮೇಲೆ ಆ ಸದ್ದು. ಮಕ್ಕಳು ಅಂಗಳಕ್ಕೆ ಓಡಿ ಕೈಬೀಸುತ್ತಿದ್ದೆವು. ಅದರಲ್ಲಿ ನಾನೂ ಒಬ್ಬಳು. ಜೇನು ಸತ್ತದ್ದು, ಮೀನು ತೇಲಿದ್ದು, ಹುಟ್ಟಿದ ಮಕ್ಕಳ ತಲೆ ದೊಡ್ಡದಾದದ್ದು ಪ್ರತಿ ಮನೆಗೂ ಗೊತ್ತಿತ್ತು. ಪ್ರತಿ ಮನೆಯೂ ಅದನ್ನು ತನ್ನ ಕರ್ಮ, ತನ್ನ ನಾಗನ ದೋಷ ಎಂದುಕೊಂಡಿತ್ತು. ಪಕ್ಕದ ಮನೆಯಲ್ಲೂ ಹಾಗೇ ಉಂಟೆಂದು ತಿಳಿದಿದ್ದರೂ ಅದು ಊರಿನ ವಿಷಯ ಆಗಿರಲಿಲ್ಲ.

ವಾಣೀನಗರದ ಡಾ. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ ಸಂಶಯಪಟ್ಟು ವೈದ್ಯರ ಪತ್ರಿಕೆಗೆ ಬರೆದರು. ನಮ್ಮ ಪಡ್ರೆಯವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಹೊರಗಿನ ಜಗತ್ತಿಗೆ ತಿಳಿಸುತ್ತಾ ಹೋದರು. ಕೃಷಿಕರ ಕೈಗೆ ಲೇಖನಿ ಕೊಡಬೇಕೆಂದು 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ'ಯವರು ಅವರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಇಲ್ಲಿನ ನೀರು, ರಕ್ತ, ಎದೆಹಾಲು ಪರೀಕ್ಷೆ ಮಾಡಿ ಪ್ರಕಟಿಸಿತು. ಮಲಯಾಳ ಪತ್ರಿಕೆ, ಟಿವಿಯವರು ಬಂದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂದು ಆದೇಶಿಸಿತು. ಒಂದೊಂದು ಮನೆಯ ಒಳಗೆ ಮುಚ್ಚಿಟ್ಟ ಸಂಕಟ ಸಾರ್ವಜನಿಕ ವಿಷಯವಾಗಲು ಅಕ್ಷರ, ಫೋಟೋ ಬೇಕಾಯಿತು. ಇದನ್ನು ನಾನು ಸಾಯುವವರೆಗೂ ಹೇಳುತ್ತೇನೆ.

ಆದರೆ ಆ ಫೋಟೋಗಳ ಬಗ್ಗೆಯೂ ಹೇಳಲೇಬೇಕು. ನನ್ನ ಚಿಕ್ಕಮ್ಮನ ಮಗ ಹಾಸಿಗೆಯಲ್ಲೇ ಇದ್ದವ. ಒಂದು ವರ್ಷದಲ್ಲಿ ಎಷ್ಟು ಕ್ಯಾಮರಾ ಬಂತೆಂದು ಲೆಕ್ಕವಿಲ್ಲ. ಬಂದವರೊಬ್ಬರು ಬೆಳಕು ಸಾಲದೆಂದು ಅವನನ್ನು ಎತ್ತಿ ಜಗಲಿಗೆ ತರಿಸಿದರು. ಚಿಕ್ಕಮ್ಮ ಅವನ ಬಾಯಿ ಒರೆಸಲು ಬಟ್ಟೆ ತೆಗೆದರೆ "ಹಾಗೇ ಇರಲಿ" ಎಂದರು. ಚಿಕ್ಕಮ್ಮ ಒರೆಸಿದರು. ಒರೆಸಿ, ತಲೆ ಬಾಚಿ, ಪೌಡರ್ ಹಾಕಿ ಆಮೇಲೆ "ಈಗ ತೆಗೆಯಿರಿ" ಎಂದರು. ಅವ ಈಗ ಇಲ್ಲ. ಆ ಫೋಟೋ ನಮ್ಮ ಮನೆಯಲ್ಲಿ ಉಂಟು, ಚಂದ ಬಂದಿದೆ.

ಶಾರ್ಜಾದಲ್ಲಿರುವ ಕುಂಬಳೆಯವ

ಓದಿ ಕಣ್ಣು ತುಂಬಿತು ಎಣ್ಮಕಜೆಯ ಅಕ್ಕ.

ನಮ್ಮದು ಬ್ಯಾರಿಗಳ, ಅಂದರೆ ಕರಾವಳಿಯ ಮುಸ್ಲಿಮರ ಮನೆ. ಊರಿನ ಮೊದಲ ಬಣ್ಣದ ಟಿವಿ ನಮ್ಮ ಬಾಪ ದುಬಾಯಿಯಿಂದ ತಂದದ್ದು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಯಿತು. ಆದಿತ್ಯವಾರ ಬೆಳಿಗ್ಗೆ ಆಸುಪಾಸಿನ ಭಟ್ರ ಮನೆ, ಶೆಟ್ರ ಮನೆ, ಪೂಜಾರಿಗಳ ಮನೆಯವರೆಲ್ಲ ನಮ್ಮ ಜಗಲಿಯಲ್ಲಿ. ಉಮ್ಮ ಅವಲಕ್ಕಿ ಕಲಸಿ ಇಡುತ್ತಿದ್ದರು. ಹಿಂದಿ ಅರ್ಥವಾಗದವರಿಗೆ ಭಟ್ರ ಮನೆಯ ಅಜ್ಜ ಯಕ್ಷಗಾನದ ಅರ್ಥದ ಹಾಗೆ ಕನ್ನಡದಲ್ಲಿ ಹೇಳುವುದು. ನಾನು ರಾಮಾಯಣ ಕಲಿತದ್ದು ಅವರ ಬಾಯಿಯಿಂದ.

ಎರಡು ವರ್ಷದಲ್ಲಿ ಎಲ್ಲರ ಮನೆಗೂ ಟಿವಿ ಬಂತು. ಜಗಲಿ ಖಾಲಿಯಾಯಿತು, ಯಾರೂ ಜಗಳ ಮಾಡಿ ಹೋದದ್ದಲ್ಲ. ಆಮೇಲೆ ಕೇಬಲ್. 1993ರಲ್ಲಿ ಏಷ್ಯಾನೆಟ್, 1994ರಲ್ಲಿ ಉದಯ. ಆವತ್ತಿನಿಂದ ಬೇಲಿಯ ಈಚೆ ಮಲಯಾಳ, ಆಚೆ ಕನ್ನಡ. ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆಗೆ ಎರಡು ಮುಖ್ಯಮಂತ್ರಿ, ಎರಡು ಹವಾಮಾನ. ಈಗ ಇಲ್ಲಿ ರೂಮಿನಲ್ಲಿ ಆರು ಜನ ಇದ್ದೇವೆ, ಆರು ಇಯರ್‌ಫೋನು.

ತೊಕ್ಕೊಟ್ಟು ರೂಮು

ನಾನು ಕಾಲೇಜಿನಲ್ಲಿದ್ದೇನೆ, ಮನೆ ಉಪ್ಪಳ. ಹಿರಿಯರ ನಡುವೆ ಬರೆಯಲು ಸ್ವಲ್ಪ ಹೆದರಿಕೆ. 2020ರ ಮಾರ್ಚ್ ಬಗ್ಗೆ ಯಾರೂ ಬರೆಯಲಿಲ್ಲ ಅಂತ ಬರೆಯುತ್ತಿದ್ದೇನೆ.

ಲಾಕ್‌ಡೌನ್ ಆದಾಗ ಗಡಿಯ ತಲಪಾಡಿಯಲ್ಲಿ ಕರ್ನಾಟಕದವರು ದಾರಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ನನ್ನ ಅಜ್ಜಿಗೆ ವಾರಕ್ಕೆ ಎರಡು ಡಯಾಲಿಸಿಸ್. ಮನೆಯಲ್ಲಿ ಅಪ್ಪ ಕನ್ನಡ ಚಾನೆಲ್ ಹಾಕುತ್ತಿದ್ದರು, ಅದರಲ್ಲಿ ಕಾಸರಗೋಡು ಅಂದರೆ ಕೆಂಪು ಬಣ್ಣದ ನಕ್ಷೆ, ಅಲ್ಲಿಂದ ರೋಗ ಬರುತ್ತದೆ ಎನ್ನುವ ಮಾತು. ಅಮ್ಮ ಮಲಯಾಳ ಚಾನೆಲ್ ಹಾಕುತ್ತಿದ್ದರು, ಅದರಲ್ಲಿ ಆಂಬ್ಯುಲೆನ್ಸು ಗಡಿಯಲ್ಲಿ ನಿಂತು ಇವತ್ತು ಇಷ್ಟು ಜನ ಸತ್ತರು ಎಂಬ ಲೆಕ್ಕ. ನಮಗೆ ಬೇಕಾದದ್ದು ಯಾವ ದಾರಿಯಿಂದ ಹೋದರೆ ಬಿಡುತ್ತಾರೆ, ಯಾವ ಕಾಗದ ಬೇಕು ಎಂಬುದು. ಅದು ಎರಡರಲ್ಲೂ ಬರಲಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ಬಿಡಿಸಬೇಕೆಂದು ಹೇಳಿದ ಮೇಲೂ ಗೇಟಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿದದ್ದು ಉಪ್ಪಳದ ಆಂಬ್ಯುಲೆನ್ಸ್ ಡ್ರೈವರುಗಳ ವಾಟ್ಸ್ಯಾಪ್ ಗುಂಪಿನಿಂದ. ಅವರ ವಾಯ್ಸ್ ಮೆಸೇಜು ತುಳುವಿನಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ ಬರುತ್ತಿತ್ತು. ಅದೇ ಗುಂಪಿನಲ್ಲಿ ಸುಳ್ಳೂ ಬಂತು. ಯಾರೋ ಹಳೆ ವೀಡಿಯೋ ಹಾಕಿದಾಗ ಡ್ರೈವರಣ್ಣ ಒಬ್ಬರು ಗೇಟಿನ ಎದುರೇ ನಿಂತು ಫೋಟೋ ತೆಗೆದು ಹಾಕಿ "ನಾನು ಇಲ್ಲೇ ಇದ್ದೇನೆ, ಹಾಗೆ ಏನೂ ಇಲ್ಲ" ಎಂದರು. ಮೊಬೈಲು ಊರನ್ನು ಒಡೆಯಿತು ಅಂತ ಮಾತ್ರ ಬರೆಯಬೇಡಿ ದಯವಿಟ್ಟು. ಆ ಹತ್ತು ದಿವಸ ನಮಗೆ ಊರು ಅಂತ ಇದ್ದದ್ದು ಅದೊಂದೇ.

ನೀಲೇಶ್ವರದ ಕಡೆಯವ

ತಂಗೀ, ಹೆದರಬೇಡ. ಸಾಲು ಹಾರಿಸಿದರೆ ಹಿಂದಿನಿಂದ ಕೂಗುತ್ತಿದ್ದರು ಎಂದೆನಲ್ಲ, ಆ ಡ್ರೈವರು ಮಾಡಿದ್ದು ಅದನ್ನೇ.

ಪಳ್ಳತ್ತಡ್ಕ ಮಾಷ್ಟ್ರು

ಎಲ್ಲರದ್ದನ್ನೂ ಎರಡು ಸಲ ಓದಿದೆ. ಶುರು ಮಾಡುವಾಗ ನನ್ನ ಮನಸ್ಸಿನಲ್ಲಿದ್ದದ್ದು, ಮೊದಲು ಒಟ್ಟಿಗೆ ಕೇಳುತ್ತಿದ್ದೆವು, ಈಗ ಒಬ್ಬೊಬ್ಬರೇ ಕೇಳುತ್ತೇವೆ, ಅದೇ ರೋಗ ಎಂದು. ಅದು ಸಾಲದು ಎಂದು ಈಗ ಅನಿಸುತ್ತದೆ.

ಒಟ್ಟಿಗೆ ಕೇಳುವುದೇ ದೊಡ್ಡದಾಗಿದ್ದರೆ ಜರ್ಮನಿಯಲ್ಲಿ ಅದು ಬೇಕಾದಷ್ಟಿತ್ತು. 1933ರಲ್ಲಿ ಹಿಟ್ಲರನ ಸರಕಾರ ಬಡವರೂ ಕೊಳ್ಳುವ ಹಾಗೆ 76 ಮಾರ್ಕಿನ ರೇಡಿಯೋ ಮಾಡಿಸಿತು. ಭಾಷಣ ಬಂದಾಗ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿ ಎಲ್ಲರೂ ಕೇಳಬೇಕು. ಅದೇ ವರ್ಷ ಮಾರ್ಚ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ಮುಚ್ಚಿದ ಬ್ಯಾಂಕುಗಳ ಬಗ್ಗೆ ಮನೆಯವರ ಹತ್ತಿರ ಮಾತಾಡುವ ಹಾಗೆ ರೇಡಿಯೋದಲ್ಲಿ ಮಾತಾಡಿದರು. ಬ್ಯಾಂಕು ತೆರೆದಾಗ ಜನ ಹಣ ವಾಪಸ್ ತಂದು ಕಟ್ಟಿದರು, ಅವರಿಗೆ ಲಕ್ಷಗಟ್ಟಲೆ ಕಾಗದ ಬರೆದರು. ಆ ಜನರಿಗೆ ಅವರನ್ನು ಬೈದು ಬರೆಯಲೂ ಸ್ವಾತಂತ್ರ್ಯವಿತ್ತು. ಯಂತ್ರ ಒಂದೇ, ವರ್ಷ ಒಂದೇ. ಇಲ್ಲಿ ನಮ್ಮಲ್ಲೂ 1975ರ ತುರ್ತುಪರಿಸ್ಥಿತಿಯಲ್ಲಿ ರೇಡಿಯೋ ದಿನಕ್ಕೆ ಮೂರು ಹೊತ್ತು ಮಾತಾಡುತ್ತಿತ್ತು. ಹೋಟ್ಲಿನ ಬೆಂಚಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಸೀತಾಂಗೋಳಿ ಅಕ್ಕನ ಅಜ್ಜನಿಗೆ ಇಲ್ಲದೆ ಹೋದದ್ದು ಕಿವಿಯಲ್ಲ, ಬಾಯಿ. ಟ್ಯಾಂಪಾದ ಕೆಲಸಗಾರರಿಂದ ಕಿತ್ತುಕೊಂಡದ್ದೂ ಅದನ್ನೇ. ನಮ್ಮ ಗುಂಪಿನ ಎಂಬತ್ತು ಮೆಸೇಜಿಗೆ ಬಾಯಿ ಉಂಟು, ಆದರೆ ಸಂಕ ಮಾಡಿಸಬೇಕಾದ ಮೆಂಬರರಿಗೆ ಅದು ಕೇಳುವುದಿಲ್ಲ, ಅವರು ಆ ಗುಂಪಿನಲ್ಲೇ ಇಲ್ಲ. ನಿನ್ನೆ ಆ ಮೆಸೇಜುಗಳನ್ನೆಲ್ಲ ಕೂತು ಒಂದು ಹಾಳೆಯಲ್ಲಿ ಬರೆದೆ. ಜಗಳ ತೆಗೆದರೆ ಕೆಲಸದ ಮಾತು ಹನ್ನೊಂದು ಉಳಿಯಿತು. ಎಲ್ಲಿ ಕಂಬ ಕೊಳೆತಿದೆ, ಮಳೆಗಾಲದಲ್ಲಿ ಯಾವ ಮನೆಯ ಮಕ್ಕಳು ಶಾಲೆಗೆ ಸುತ್ತು ಹೊಡೆಯುತ್ತಾರೆ, ಎಲ್ಲ ಉಂಟು. ಒಬ್ಬ ಹುಡುಗನಿಂದ ಮಲಯಾಳಕ್ಕೂ ಮಾಡಿಸಿ ಪಂಚಾಯತಿಗೆ ಕೊಟ್ಟೆ. ರಸೀದಿ ಸಿಕ್ಕಿತು. ಅದರ ಫೋಟೋ ಗುಂಪಿಗೆ ಹಾಕಿದ್ದೇನೆ.

ಸೀತಾಂಗೋಳಿ ಅಕ್ಕ

ಒಳ್ಳೆಯದಾಯಿತು ಮಾಷ್ಟ್ರೇ. ರಸೀದಿ ಜೋಪಾನ.

ಅಮ್ಮನಿಗೆ ಈಗ ಕಣ್ಣು ಮಂಜು, ರೇಡಿಯೋ ಹಾಳಾಗಿ ಕಾಲವಾಯಿತು. ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿ ಸಂಜೆ ಬಂದು ಪೇಪರು ಓದುತ್ತಾಳೆ. ಅವಳು ಮಲಯಾಳ ಮೀಡಿಯಂ, ಕನ್ನಡ ಓದಲು ಬಾರದು. ಹಾಗಾಗಿ ಮಲಯಾಳ ಪೇಪರು ಹಿಡಿದು ಮನಸ್ಸಿನಲ್ಲೇ ಓದಿಕೊಂಡು ತುಳುವಿನಲ್ಲಿ ಹೇಳುತ್ತಾಳೆ. ಅಮ್ಮ ಅರ್ಧದಲ್ಲಿ ನಿಲ್ಲಿಸಿ "ಅದು ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು?" ಎನ್ನುವುದು, ಹುಡುಗಿ ಮತ್ತೆ ಹುಡುಕುವುದು. ಇಲ್ಲಿ ಬಂದದ್ದನ್ನೂ ಮೂರು ದಿನದಿಂದ ಅಮ್ಮನಿಗೆ ಅವಳೇ ಹೇಳುತ್ತಿದ್ದಾಳೆ. ಕನ್ನಡ ಅಕ್ಷರ ಬಾರದ ಕಾರಣ ನಾನು ಓದುವುದು, ಅವಳು ತುಳು ಮಾಡುವುದು.

ಮಾಷ್ಟ್ರ ಹಾಳೆಯ ವಿಷಯ ಕೇಳಿ ಅಮ್ಮ ಕೇಳಿದ್ದು, ನಮ್ಮ ವಾರ್ಡಿನ ಗ್ರಾಮಸಭೆ ಯಾವಾಗ ಅಂತ. ಬರುವ ಶನಿವಾರ ಹತ್ತು ಗಂಟೆಗೆ. ಬೀಡಿಯ ಪಿಂಚಣಿ ಬಗ್ಗೆ ಕೇಳಲಿಕ್ಕುಂಟಂತೆ, ತಾವೇ ಮಾತಾಡುತ್ತಾರಂತೆ. ರಿಕ್ಷಾದವನಿಗೆ ಹೇಳಿಟ್ಟಿದ್ದೇನೆ. ಹುಡುಗಿಯೂ ಬರುತ್ತಾಳೆ, ಸಭೆಯಲ್ಲಿ ಮಲಯಾಳದಲ್ಲಿ ಹೇಳಿದ್ದನ್ನು ಅಮ್ಮನಿಗೆ ತಿಳಿಸಬೇಕಲ್ಲ.